ಕರಿಗಿರಿಯ ನಾಮವಿಚಾರ

1

ನಾಡಿನ ಚರಿತ್ರೆಯನ್ನು ತಿಳಿಯಬಯಸುವವರು ಶಿಲಾಶಾಸನ, ತಾಮ್ರಪಟ, ನಾಣ್ಯ, ಕಾವ್ಯ ಎಂಬ ನಾಲ್ಕು ಆಕರಗಳನ್ನು ಪ್ರಧಾನವಾಗಿ ಆಶ್ರಯಿಸುವರು. ಊರು, ಬೆಟ್ಟ, ಹೊಳೆಗಳ ಹೆಸರುಗಳನ್ನು ಐದನೆಯ ಆಕರವೆಂದು ಎಣಿಸಬೇಕು. ಶಾಸನಕ್ಕೆ ತೇದಿಯುಂಟು, ಹೆಸರಿಗೆ ಅದಿಲ್ಲ. ಆದರೆ ಶಾಸನವು ಒಂದು ಕಲ್ಲಿನಲ್ಲಿ ಮಾತ್ರ ನಿಲ್ಲುವುದು, ಹೆಸರು ಸಾವಿರಾರು ಜನರ ಬಾಯಲ್ಲಿ ನಿಲ್ಲುವುದು. ಹೆಸರನ್ನಿಟ್ಟ ಕಾರಣವು ಅಳಿದುಹೋದ ಮೇಲೂ ಹೆಸರು ಉಳಿಯುವುದು ಸಾಮಾನ್ಯವಾದ ಸಂಗತಿ.

ಇದಕ್ಕೆ ತುಮಕೂರು ಸೀಮೆಯಲ್ಲಿಯೇ ಒಂದು ಸುಲಭವಾದ ನಿದರ್ಶನವಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಎಂಬ ಸ್ಥಳದ ಹೆಸರಿನಲ್ಲಿರುವ 'ಕಾವಲ್' ಶಬ್ದಕ್ಕೆ ಕಾದಿಟ್ಟ ಹುಲ್ಲುನೆಲವೆಂದು ಅರ್ಥ. ಮೈಸೂರು ಅರಸರಲ್ಲಿ ಚಿಕ್ಕದೇವರಾಜ ಒಡೆಯರು (1673-1704) ಅರಮನೆಯ ದನಗಳ ಪಾಲನೆಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ಕ್ರಮಪಡಿಸಿದರು. ಅದೇ ಮುಂದೆ ಟೀಪು ಸುಲ್ತಾನನ ಕಾಲದಲ್ಲಿ 'ಅಮೃತಮಹಲ್' ಎಂಬ ಹೆಸರನ್ನು ಪಡೆಯಿತು. ತುಮಕೂರು, ಚಿತ್ರದುರ್ಗ, ಹಾಸನ ಸೀಮೆಗಳಲ್ಲಿ ಅನೇಕ ಸ್ಥಳಗಳ ಹೆಸರಿನ ಕೊನೆಯಲ್ಲಿ ಕಾಣುವ ಕಾವಲ್ ಶಬ್ದವು ಆ ಬಗೆಯ ಗೋರಕ್ಷಣೆಯ ಸ್ಮಾರಕ. ಇಂದು ಬಿದರೆಹಳ್ಳಿ ಕಾವಲಿನ 615 ಎಕರೆ ನೆಲದಲ್ಲಿ ಹಿಂದೂಸ್ತಾನ್ ಏರೊನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯಿದೆ. 2016ರಲ್ಲಿ ಅದಕ್ಕೆ ಶಂಕುಸ್ಥಾಪನೆಯಾಗಿ 2023ರಲ್ಲಿ ಪ್ರಾರಂಭೋತ್ಸವವು ನಡೆಯಿತು. ಆಕಾಶಯಾನದ ಯಂತ್ರಗಳು ಹುಟ್ಟುವ ಸ್ಥಳಕ್ಕೂ ಹುಲ್ಲುಗಾವಲಿನ ಹೆಸರೇ ನಿಂತಿದೆ.

ಬೆಣ್ಣೆ ಚಾವಡಿಯನ್ನು ಕ್ರಮಪಡಿಸಿದ ಅದೇ ಅರಸರ ಹೆಸರು ಈ ಸೀಮೆಯ ಒಂದು ಬೆಟ್ಟಕ್ಕೂ ಅಂಟಿಕೊಂಡಿದೆ. ತುಮಕೂರಿಗೆ ಪೂರ್ವದಲ್ಲಿ ಸುಮಾರು 9 ಮೈಲಿ ದೂರದಲ್ಲಿರುವ ದೇವರಾಯನ ದುರ್ಗವೇ ಅದು. ಕಾವಲಿನ ಹೆಸರು ಒಂದೇ ಪದರದ್ದು. ಬೆಟ್ಟದ ಹೆಸರಾದರೋ ಹಲವು ಪದರಗಳುಳ್ಳದ್ದು. ಆ ಪದರಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

2

ದೇವರಾಯನ ದುರ್ಗವು ಸಮುದ್ರಮಟ್ಟದಿಂದ 3,940 ಅಡಿ ಎತ್ತರವಿರುವ ಕಲ್ಲುಬೆಟ್ಟ. ಸುತ್ತಲೂ ಕಾಡು; ನಡುವೆ ಬಂಡೆಗಳ ಮೇಲೆ ಹಳೆಯ ಕೋಟೆಯ ಅವಶೇಷಗಳು. ತುಮಕೂರಿನ ಕಡೆಯಿಂದ ಬರುವ ಯಾತ್ರಿಕನಿಗೆ ಮೊದಲು ಎದುರಾಗುವುದು ನಾಮದ ಚಿಲುಮೆ. ವನವಾಸದಲ್ಲಿದ್ದ ಶ್ರೀರಾಮನು ಹಣೆಗೆ ನಾಮವನ್ನು ಧರಿಸಲು ನೀರು ಕಾಣದೆ ಬಂಡೆಗೆ ಬಾಣವನ್ನು ಪ್ರಯೋಗಿಸಿದನೆಂದೂ, ಬಾಣ ತಾಗಿದ ಎಡೆಯಲ್ಲಿ ನೀರು ಚಿಮ್ಮಿತೆಂದೂ ಸ್ಥಳದವರ ನಂಬಿಕೆ. ಬಂಡೆಯಲ್ಲಿರುವ ಸಣ್ಣ ಕುಳಿಯಲ್ಲಿ ಇಂದಿಗೂ ನೀರು ಜಿನುಗುತ್ತಿರುತ್ತದೆ.

ಅಲ್ಲಿಂದ ಮೇಲೇರಿದರೆ ಬೆಟ್ಟದ ಕೆಳಗಣ ಹಂತದಲ್ಲಿ ಭೋಗಾನರಸಿಂಹಸ್ವಾಮಿಯ ದೇವಾಲಯವು ಸಿಕ್ಕುತ್ತದೆ. ಇದಕ್ಕೆ ದುರ್ಗಾ ನರಸಿಂಹ ದೇವಾಲಯವೆಂದೂ ಹೆಸರುಂಟು. ದ್ರಾವಿಡ ಶೈಲಿಯ ಕಟ್ಟಡ. ಇದಕ್ಕೆ ಸೇರಿದಂತೆ ನರಸಿಂಹತೀರ್ಥ, ಪರಾಶರತೀರ್ಥ, ಪಾದತೀರ್ಥ ಎಂಬ ಮೂರು ಕೊಳಗಳಿವೆ. ಇನ್ನೂ ಮೇಲೆ, ಶಿಖರದ ಬಳಿ, ಯೋಗಾನರಸಿಂಹನ ಗುಡಿ. ಇವನನ್ನು ಕುಂಭಿ ನರಸಿಂಹನೆಂದೂ ಕರೆಯುವರು. ಕೆಳಗೆ ಲಕ್ಷ್ಮೀಸಮೇತನಾದ ಭೋಗಮೂರ್ತಿ, ಮೇಲೆ ಏಕಾಂತದಲ್ಲಿರುವ ಯೋಗಮೂರ್ತಿ. ಫಾಲ್ಗುಣ ಮಾಸದ ರಥೋತ್ಸವಕ್ಕೆ ಸುತ್ತಣ ಸೀಮೆಯ ಜನರು ನೆರೆಯುವರು.

ಈ ಏರಿಕೆಯಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಕೆಳಗಿನಿಂದ ಮೇಲಕ್ಕೆ ಹೋಗುವವನು ಅರಸನ ಹೆಸರಿನ ಬೆಟ್ಟವನ್ನು ಹತ್ತಲು ತೊಡಗುತ್ತಾನೆ; ಆದರೆ ದೇವಾಲಯದಲ್ಲಿ ಸಂಕಲ್ಪವನ್ನು ಹೇಳುವಾಗ ಕೇಳಿಬರುವ ಕ್ಷೇತ್ರದ ಹೆಸರು ಬೇರೆ. ಅಲ್ಲಿ ಇದು ದೇವರಾಯನ ದುರ್ಗವಲ್ಲ, ಕರಿಗಿರಿ. ಒಂದೇ ಬೆಟ್ಟಕ್ಕೆ ಸರ್ಕಾರದ ದಫ್ತರದಲ್ಲಿ ಒಂದು ಹೆಸರು, ದೇವರ ಸನ್ನಿಧಿಯಲ್ಲಿ ಇನ್ನೊಂದು. ಇವೆರಡರಲ್ಲಿ ಪ್ರಾಚೀನವಾದುದು ಯಾವುದು?

3

ಲೌಕಿಕವಾದ ಹೆಸರುಗಳ ಕ್ರಮವನ್ನು ನಿರ್ಣಯಿಸುವುದು ಕಷ್ಟವಲ್ಲ. ಮೈಸೂರು ಗೆಜೆಟಿಯರನ್ನು ರಚಿಸಿದ ಬಿ. ಎಲ್. ರೈಸ್‌ರವರು ಸ್ಥಳದ ಐತಿಹ್ಯವನ್ನು ಸಂಗ್ರಹಿಸಿ, ಬೆಟ್ಟಕ್ಕೆ ಮೊದಲು 'ಆನೆಬಿದ್ದಸರಿ' ಎಂಬ ಹೆಸರಿತ್ತೆಂದೂ, ಆಮೇಲೆ ಜಡಕನೆಂಬ ನಾಯಕನಿಂದ 'ಜಡಕನ ದುರ್ಗ'ವಾಯಿತೆಂದೂ, ಚಿಕ್ಕದೇವರಾಜ ಒಡೆಯರು ಅದನ್ನು ಗೆದ್ದ ಬಳಿಕ 'ದೇವರಾಯನ ದುರ್ಗ'ವಾಯಿತೆಂದೂ ತಿಳಿಸಿರುವರು.

ಈ ಮೂರರಲ್ಲಿ ಕೊನೆಯ ಎರಡು ಹೆಸರುಗಳು ಒಂದೇ ಜಾತಿಯವು. ಬೆಟ್ಟವನ್ನು ಹಿಡಿದವನು ಬೆಟ್ಟಕ್ಕೆ ತನ್ನ ಹೆಸರನ್ನಿಡುತ್ತಾನೆ. ಅವನನ್ನು ಸೋಲಿಸಿದವನು ಹೆಸರನ್ನೂ ಸೋಲಿಸುತ್ತಾನೆ. 'ದುರ್ಗ' ಶಬ್ದ ಮಾತ್ರ ಎರಡರಲ್ಲಿಯೂ ಉಳಿದಿರುವುದರಿಂದ, ಜಡಕನ ಕಾಲಕ್ಕಾಗಲೇ ಇಲ್ಲಿ ಕೋಟೆಯಿದ್ದಿತೆಂದು ಊಹಿಸಬಹುದು. ಚಿಕ್ಕದೇವರಾಜರಿಗೆ ಈ ಬೆಟ್ಟವು ಏಕೆ ಬೇಕಾಯಿತೆಂಬುದಕ್ಕೆ ಆ ಕಾಲದ ರಾಜಕೀಯ ಸ್ಥಿತಿಯೇ ಉತ್ತರ. ಮೊಗಲರು 1687ರಲ್ಲಿ ಸಿರಾವನ್ನು ಒಂದು ಸುಬೆಯ ರಾಜಧಾನಿಯನ್ನಾಗಿ ಮಾಡಿಕೊಂಡರು. ಅದೇ ವರ್ಷ ಮೊಗಲ್ ಸೇನಾನಿ ಖಾಸಿಂ ಖಾನನು ಬೆಂಗಳೂರನ್ನು ಹಿಡಿದನು. ಬಳಿಕ ಅದು ಮೂರು ಲಕ್ಷ ರೂಪಾಯಿಗಳಿಗೆ ಮೈಸೂರಿನವರ ವಶಕ್ಕೆ ಬಂದಿತು. ವಾಯವ್ಯದಲ್ಲಿ ಸಿರಾ, ಆಗ್ನೇಯದಲ್ಲಿ ಬೆಂಗಳೂರು. ಇವುಗಳ ನಡುವಣ ಹಾದಿಯನ್ನು ಕಾಯುವುದಕ್ಕೆ ಇಂತಹ ಬೆಟ್ಟವು ಬೇಕೇಬೇಕು. ಎತ್ತರ, ಕಾಡು, ವರ್ಷವೆಲ್ಲಾ ಬತ್ತದ ನೀರು, ಇವು ಮೂರೂ ಒಂದೆಡೆ ಕೂಡಿರುವ ಸ್ಥಳವನ್ನು ಯಾವ ದಳವಾಯಿಯೂ ಬಿಡುವಂತಿಲ್ಲ.

ಆನೆಬಿದ್ದಸರಿ ಎಂಬುದು ಮಾತ್ರ ಬೇರೆ ಜಾತಿಯ ಹೆಸರು. ಇದರಲ್ಲಿ ಯಾವ ಒಡೆಯನೂ ಇಲ್ಲ. ಬೆಟ್ಟವನ್ನು ಹತ್ತಿದ ಆನೆಯೊಂದು ಬಿದ್ದ ಕಡಿದಾದ ಇಳುಕಲು ಎಂಬ ಅರ್ಥವನ್ನು ಹೆಸರು ತಾನೇ ಹೇಳುತ್ತದೆ. ಕುರಿ ಮೇಯಿಸುವವರೂ ಸೌದೆ ತರುವವರೂ ಹಾದಿಯ ಗುರುತಿಗಾಗಿ ಇಡುವಂತಹ ಹೆಸರಿದು. ಕರ್ತೃ, ಕ್ರಿಯೆ, ಸ್ಥಳ ಮೂರೂ ಅಚ್ಚಗನ್ನಡದಲ್ಲಿ ಒಂದೇ ಸಮಾಸದಲ್ಲಿ ಅಡಗಿವೆ. ಇಂತಹ ಹೆಸರುಗಳನ್ನು ಅರಸರು ಇಡುವುದಿಲ್ಲ. ಆದುದರಿಂದ ಅರಸರು ಇಟ್ಟ ಹೆಸರುಗಳಿಗಿಂತ ಇದು ಹಿಂದಿನದೆಂಬ ಐತಿಹ್ಯವನ್ನು ನಂಬಲು ಅಡ್ಡಿಯಿಲ್ಲ.

4

ಈಗ ಕ್ಷೇತ್ರನಾಮದ ವಿಚಾರ. 'ಕರಿ' ಶಬ್ದಕ್ಕೆ ಕನ್ನಡದಲ್ಲಿ ಕಪ್ಪು ಎಂಬ ಅರ್ಥವಿರುವುದು ನಿಜವಾದರೂ, 'ಗಿರಿ' ಎಂಬ ಸಂಸ್ಕೃತ ಶಬ್ದದೊಡನೆ ಸಮಾಸವಾಗಿರುವಾಗ ಕರವುಳ್ಳದ್ದು, ಅಂದರೆ ಸೊಂಡಿಲುಳ್ಳದ್ದು, ಆನೆ ಎಂಬ ಅರ್ಥವೇ ಸಹಜವಾಗಿ ಬರುತ್ತದೆ. ಕರಿಗಿರಿ ಎಂದರೆ ಆನೆಯ ಬೆಟ್ಟ. ಒಂದು ದಿಕ್ಕಿನಿಂದ ನೋಡಿದರೆ ಬೆಟ್ಟವು ಆನೆಯಂತೆ ಕಾಣುವುದರಿಂದ ಈ ಹೆಸರು ಬಂದಿತೆಂದು ಕೆಲವರು ಹೇಳುವರು. ಆದರೆ ಅದೇ ಬೆಟ್ಟಕ್ಕೆ ಜನರಾಡುವ ಮಾತಿನಲ್ಲಿ ಆನೆಬಿದ್ದಸರಿ ಎಂಬ ಹೆಸರಿದ್ದಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಂಬಂಧವು ಇನ್ನೊಂದು ಬಗೆಯಾಗಿ ತೋರುತ್ತದೆ. ದೇಶ್ಯನಾಮದಲ್ಲಿದ್ದ ಆನೆಯೇ ಸಂಸ್ಕೃತನಾಮದಲ್ಲಿ ಕರಿಯಾಗಿ ನಿಂತಿರಬೇಕು.

ಶಿಖರದ ದೇವರಾದ ಕುಂಭಿ ನರಸಿಂಹನ ಹೆಸರೂ ಇಲ್ಲಿ ವಿಚಾರಾರ್ಹ. ಕುಂಭಸ್ಥಲವುಳ್ಳದ್ದು ಕುಂಭಿ, ಇದೂ ಆನೆಗೆ ಪರ್ಯಾಯಪದವೇ. ಹಾಗಾದರೆ ಒಂದೇ ಬೆಟ್ಟದಲ್ಲಿ ಆನೆ, ಕರಿ, ಕುಂಭಿ ಎಂದು ಮೂರು ಸಲ ಆನೆಯ ಹೆಸರು ಬಂದಂತಾಯಿತು. ಇದಕ್ಕೊಂದು ಆಕ್ಷೇಪವನ್ನು ಎತ್ತಬಹುದು. ಕನ್ನಡದಲ್ಲಿ 'ಕುಂಬಿ' ಎಂಬ ದೇಶ್ಯಶಬ್ದವುಂಟು; ಗೋಡೆಯ ನೆತ್ತಿ, ಮೇಲಣ ಅಂಚು ಎಂದು ಅದರ ಅರ್ಥ. ಬೆಟ್ಟದ ಕುಂಬಿಯಲ್ಲಿರುವ ದೇವರು ಕುಂಬಿ ನರಸಿಂಹನಾಗಿ, ಸಂಸ್ಕೃತಾಭಿಮಾನದಿಂದ ಅಲ್ಪಪ್ರಾಣವು ಮಹಾಪ್ರಾಣವಾಗಿ, ಕುಂಭಿ ಎಂದಾಗಿರಬಾರದೇಕೆ? ಈ ಆಕ್ಷೇಪವು ಬಲವಾದುದೇ. ಆದರೆ ಅದನ್ನು ಒಪ್ಪಿದರೂ ಸಿದ್ಧಾಂತಕ್ಕೆ ಹಾನಿಯಿಲ್ಲ. ಬೆಟ್ಟವು ಆನೆಯದೆಂಬ ಸ್ಮರಣೆಯು ಮೊದಲೇ ಇದ್ದುದರಿಂದಲ್ಲವೆ, ಕುಂಬಿಯನ್ನು ಕುಂಭಿಯೆಂದು ತಿದ್ದಿದವರಿಗೆ ಆ ತಿದ್ದುಪಡಿಯು ಅಷ್ಟು ಒಪ್ಪಿದುದು?

ಇದಕ್ಕಿಂತ ಹಿರಿದಾದ ಆಕ್ಷೇಪ ಇನ್ನೊಂದಿದೆ. ಕರಿಗಿರಿ, ಹಸ್ತಿಗಿರಿ ಎಂಬುವು ಕಾಂಚೀಪುರದ ವರದರಾಜಸ್ವಾಮಿಯ ಕ್ಷೇತ್ರಕ್ಕೆ ಪ್ರಸಿದ್ಧವಾದ ಹೆಸರುಗಳು. ಅಲ್ಲಿಯೂ ವರದರಾಜನ ಸನ್ನಿಧಿಯ ಕೆಳಗೆ ಗುಹೆಯಲ್ಲಿ ನರಸಿಂಹನು ಯೋಗಮುದ್ರೆಯಲ್ಲಿ ನೆಲಸಿರುವನು. ಶ್ರೀವೈಷ್ಣವರು ಕಾಂಚಿಯ ಹೆಸರನ್ನೇ ತಂದು ಈ ಬೆಟ್ಟಕ್ಕೆ ಇಟ್ಟಿರಬಾರದೆ? ಚಿಕ್ಕದೇವರಾಜರ ಆಸ್ಥಾನವನ್ನು ನೆನೆದರೆ ಇದು ಅಸಂಭವವಲ್ಲ. ಆ ಅರಸರು ಶ್ರೀವೈಷ್ಣವ ಮತದಲ್ಲಿ ಬಹಳ ಆದರವುಳ್ಳವರು. ಅವರ ಮಂತ್ರಿಗಳಾಗಿದ್ದ ತಿರುಮಲಾರ್ಯ, ಚಿಕ್ಕುಪಾಧ್ಯಾಯ ಇಬ್ಬರೂ ಕವಿಗಳು. ಚಿಕ್ಕುಪಾಧ್ಯಾಯನು ಕನ್ನಡದಲ್ಲಿ ಹಲವು ಕ್ಷೇತ್ರಗಳ ಮಾಹಾತ್ಮ್ಯಗಳನ್ನು ರಚಿಸಿದನು. ಅವುಗಳಲ್ಲಿ ಹಸ್ತಿಗಿರಿ ಮಾಹಾತ್ಮ್ಯವೂ ಒಂದು. ಅಂದರೆ ಈ ಬೆಟ್ಟವನ್ನು ಗೆದ್ದ ಅರಸರ ಅರಮನೆಯಲ್ಲಿಯೇ ಕಾಂಚಿಯ ಆನೆಬೆಟ್ಟದ ಮಹಿಮೆಯು ಕನ್ನಡ ಕಾವ್ಯವಾಗಿ ಬೆಳೆಯುತ್ತಿತ್ತು.

ಈ ಎರಡು ಪಕ್ಷಗಳು ಒಂದನ್ನೊಂದು ಕೆಡಿಸುವುವಲ್ಲ. ಕಾಂಚಿಯ ಹೆಸರನ್ನು ಯಾವ ಬೆಟ್ಟಕ್ಕಾದರೂ ಇಡಬಹುದಾಗಿತ್ತು. ಈ ಸೀಮೆಯಲ್ಲಿ ಬೆಟ್ಟಗಳಿಗೆ ಕೊರತೆಯಿಲ್ಲ. ಶಿವಗಂಗೆ, ಹುತ್ರಿದುರ್ಗ, ಹುಲಿಯೂರುದುರ್ಗ, ಸಿದ್ಧರ ಬೆಟ್ಟ ಇವೆಲ್ಲವೂ ಸಮೀಪದಲ್ಲಿಯೇ ಇರುವುವು. ಅವುಗಳಲ್ಲಿ ಯಾವುದೂ ಕರಿಗಿರಿಯಾಗದೆ, ಆನೆ ಬಿದ್ದ ಕಥೆಯಿದ್ದ ಬೆಟ್ಟವೇ ಕರಿಗಿರಿಯಾದುದು ಆಕಸ್ಮಿಕವೆಂದು ಹೇಳುವುದು ಕಷ್ಟ. ಶಾಸ್ತ್ರದ ಹೆಸರು ಕಾಂಚಿಯಿಂದ ಬಂದಿರಬಹುದು. ಅದನ್ನು ಹಿಡಿದು ನಿಲ್ಲಿಸಿದ ನೆಲ ಮಾತ್ರ ಕನ್ನಡದ್ದು. ಪಂಡಿತನು ತಂದ ಶಬ್ದಕ್ಕೂ ದನಗಾಹಿಯಿಟ್ಟ ಶಬ್ದಕ್ಕೂ ಇಲ್ಲಿ ಸಂಧಿಯಾಗಿದೆ.

ಇದರಿಂದ ತಿಳಿಯುವುದೇನು? ಜಡಕನು ತನ್ನ ಹೆಸರಿನಿಂದ ಆನೆಯನ್ನು ಅಳಿಸಿದನು. ದೇವರಾಜರು ತಮ್ಮ ಹೆಸರಿನಿಂದ ಜಡಕನನ್ನು ಅಳಿಸಿದರು. ಕೋಟೆಯ ಕಡೆಯಿಂದ ನೋಡಿದರೆ ಅತ್ಯಂತ ಹಳೆಯ ಹೆಸರು ಎಂದೋ ಸತ್ತುಹೋಯಿತು. ದೇವಾಲಯದ ಕಡೆಯಿಂದ ನೋಡಿದರೆ ಅದು ವೇಷವನ್ನು ಬದಲಾಯಿಸಿಕೊಂಡು ದಿನವೂ ಸಂಕಲ್ಪದಲ್ಲಿ ಉಚ್ಚರಿಸಲ್ಪಡುತ್ತಿದೆ.

5

ಕ್ಷೇತ್ರದ ಐತಿಹ್ಯವನ್ನು ಹೀಗೆ ಆದರಿಸುವಾಗ ಅದನ್ನು ಪರೀಕ್ಷಿಸದೆ ಸ್ವೀಕರಿಸಬಾರದೆಂಬುದಕ್ಕೂ ಇದೇ ಬೆಟ್ಟದಲ್ಲಿ ಒಂದು ಉದಾಹರಣೆಯಿದೆ. ಕೆಳಗಣ ನರಸಿಂಹ ದೇವಾಲಯವನ್ನು ಕಟ್ಟಿಸಿದವರು ಕಂಠೀರವ ನರಸರಾಜ ಒಡೆಯರೆಂದು ಹೇಳುವರು. ಕಂಠೀರವ ನರಸರಾಜರೆಂದೊಡನೆ ಓದುಗರ ಮನಸ್ಸಿಗೆ ಬರುವವರು ರಣಧೀರ ಕಂಠೀರವರು (1638-1659). ಕಂಠೀರವ ಎಂದರೆ ಸಿಂಹ. ನರಸ ಎಂಬುದು ನರಸಿಂಹನ ತದ್ಭವ. ಹೆಸರಿನ ಎರಡು ಭಾಗಗಳಲ್ಲಿಯೂ ಸಿಂಹವನ್ನು ಧರಿಸಿದ ಆ ಅರಸರು ಶ್ರೀರಂಗಪಟ್ಟಣದಲ್ಲಿ ನರಸಿಂಹ ದೇವಾಲಯವನ್ನು ಕಟ್ಟಿಸಿದರು. ಕಂಠೀರಾಯಿ ಹಣವೆಂದು ಪ್ರಸಿದ್ಧವಾದ ತಮ್ಮ ಚಿನ್ನದ ನಾಣ್ಯದ ಮೇಲೆ ನರಸಿಂಹನ ಮೂರ್ತಿಯನ್ನು ಅಚ್ಚೊತ್ತಿಸಿದರು. ಇಂತಹ ಭಕ್ತರು ಇಲ್ಲಿಯೂ ನರಸಿಂಹನಿಗೆ ಗುಡಿಯನ್ನು ಕಟ್ಟಿಸಿದರೆಂಬುದು ಕೇಳುವುದಕ್ಕೆ ಹಿತವಾಗಿದೆ.

ಆದರೆ ಕಾಲಕ್ರಮವು ಇದಕ್ಕೆ ಒಪ್ಪುವುದಿಲ್ಲ. ಬೆಟ್ಟವನ್ನು ಗೆದ್ದವರು ಚಿಕ್ಕದೇವರಾಜರು. ಅವರು ಪಟ್ಟಕ್ಕೆ ಬಂದುದು 1673ರಲ್ಲಿ. ರಣಧೀರ ಕಂಠೀರವರು ತೀರಿಕೊಂಡುದು 1659ರಲ್ಲಿ. ನಡುವೆ ದೊಡ್ಡದೇವರಾಜ ಒಡೆಯರ ಆಳ್ವಿಕೆಯೇ ಕಳೆದಿದೆ. ರಣಧೀರರು ಪಟ್ಟವೇರಿದ 1638ರಲ್ಲಿಯೇ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಬೆಂಗಳೂರನ್ನು ಹಿಡಿದು, ಅದು ಶಹಾಜಿಯ ವಶವಾಯಿತು. ಆ ಕಾಲದಲ್ಲಿ ಬೆಂಗಳೂರಿಗೂ ವಾಯವ್ಯದಲ್ಲಿದ್ದ, ಬೇರೊಬ್ಬ ನಾಯಕನ ಕೋಟೆಯಾಗಿದ್ದ ಬೆಟ್ಟದ ಮೇಲೆ ಶ್ರೀರಂಗಪಟ್ಟಣದ ಅರಸರು ಕಲ್ಲಿನ ದೇವಾಲಯವನ್ನು ಎಬ್ಬಿಸುವುದು ಸುಲಭಸಾಧ್ಯವಲ್ಲ. ಅರಸರು ತಮ್ಮ ರಾಜ್ಯದ ಹೊರಗಣ ಕ್ಷೇತ್ರಗಳಿಗೂ ದಾನ ಕೊಡುವುದುಂಟೆಂದು ಕೆಲವರು ಸಮಾಧಾನವನ್ನು ಹೇಳಬಹುದು. ತಿರುಪತಿ, ಕಾಂಚಿಗಳಂತಹ ದೇಶಪ್ರಸಿದ್ಧ ಕ್ಷೇತ್ರಗಳಿಗೆ ಆ ಮಾತು ಸಲ್ಲುವುದೇ ಹೊರತು ಪಾಳೆಯಗಾರನ ಕೋಟೆಯೊಳಗಣ ಗುಡಿಗೆ ಸಲ್ಲುವುದಿಲ್ಲ.

ಹಾಗೆಂದು ಐತಿಹ್ಯವನ್ನು ಸುಳ್ಳೆಂದು ತಳ್ಳಿಬಿಡುವುದೂ ಸರಿಯಲ್ಲ. ಮೈಸೂರಿನ ವಂಶಾವಳಿಯಲ್ಲಿ ಕಂಠೀರವ ನರಸರಾಜರು ಇಬ್ಬರು. ಚಿಕ್ಕದೇವರಾಜರ ಮಗನಾಗಿ 1704ರಿಂದ 1714ರ ವರೆಗೆ ಪಟ್ಟದಲ್ಲಿದ್ದವರು ಎರಡನೆಯವರು. ಮಾತು ಬಾರದವರಾದುದರಿಂದ ಮೂಕರಸರೆಂದು ಜನರು ಕರೆದರು. ರಾಜ್ಯಭಾರವು ಮಂತ್ರಿ ದಳವಾಯಿಗಳ ಕೈಯಲ್ಲಿತ್ತು. ತಂದೆ ಗೆದ್ದ ಬೆಟ್ಟದಲ್ಲಿ ಮಗನ ಹೆಸರಿನಲ್ಲಿ ದೇವಾಲಯವು ನಿರ್ಮಿತವಾಯಿತೆಂದರೆ ಕಾಲಕ್ರಮಕ್ಕೂ ಐತಿಹ್ಯಕ್ಕೂ ವಿರೋಧವಿಲ್ಲ. 'ದುರ್ಗಾ ನರಸಿಂಹ' ಎಂಬ ಹೆಸರೂ, ಬೆಟ್ಟವು ದುರ್ಗವಾದ ಮೇಲೆ ಹುಟ್ಟಿದ ದೇವಾಲಯವೆಂಬುದಕ್ಕೆ ಹೊಂದುತ್ತದೆ. ಪ್ರಸಿದ್ಧನಾದವನು ಅಪ್ರಸಿದ್ಧನ ಕೀರ್ತಿಯನ್ನು ಸೆಳೆದುಕೊಳ್ಳುವುದು ಲೋಕದಲ್ಲಿ ಹೊಸದಲ್ಲ. ಯುದ್ಧಗಳಿಂದ ಹೆಸರಾದ ರಣಧೀರರ ಮುಂದೆ ಮೂಕರಸರನ್ನು ನೆನೆಯುವವರು ಯಾರು? ಐತಿಹ್ಯವು ಹೆಸರನ್ನು ಸರಿಯಾಗಿ ಕಾದಿಟ್ಟಿತು. ಕೇಳಿದವರು ಆ ಹೆಸರಿನವರಲ್ಲಿ ಹೆಚ್ಚು ಬಲ್ಲವರನ್ನು ಆರಿಸಿಕೊಂಡರು. ಈ ಬೆಟ್ಟದಲ್ಲಿ ಮಾತಿಲ್ಲದ ಅರಸರಿಗೆ ಸಲ್ಲಬೇಕಾದ ಒಂದು ಕೃತಿಯು ಅವರಿಗೇ ಸಲ್ಲುವುದು ನ್ಯಾಯ.

6

ಹೆಸರುಗಳು ಬದಲಾದರೂ ಬದಲಾಗದೆ ನಿಂತ ವಸ್ತುವೊಂದು ಈ ಬೆಟ್ಟದಲ್ಲಿದೆ, ಅದು ನೀರು. ಜಯಮಂಗಲಿ ನದಿಯು ಇಲ್ಲಿ ಹುಟ್ಟಿ ಈಶಾನ್ಯಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ಸೀಮೆಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಜಯಾ, ಮಂಗಲಿ ಎಂಬ ಎರಡು ಝರಿಗಳು ಕೂಡಿ ಜಯಮಂಗಲಿಯಾಯಿತೆಂದು ಹೇಳುವರು. ಶಿಂಷಾ ನದಿಯ ಉಗಮವೂ ಈ ಬೆಟ್ಟದ ದಕ್ಷಿಣದ ಮಗ್ಗುಲಿನದೆಂದು ಎಣಿಕೆ. ಅದು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಂತು, ಮುಂದೆ ಹರಿದು ಕಾವೇರಿಯನ್ನು ಕೂಡುತ್ತದೆ. ಒಂದೇ ಬೆಟ್ಟದ ಮಳೆ ಉತ್ತರಕ್ಕೆ ಇಳಿದರೆ ಪಿನಾಕಿನಿಯದು, ದಕ್ಷಿಣಕ್ಕೆ ಇಳಿದರೆ ಕಾವೇರಿಯದು.

ಸ್ಥಳಪುರಾಣದ ಅಂಶಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವುಗಳಲ್ಲಿ ಹೆಚ್ಚಿನವು ನೀರಿನ ವಿಷಯವಾಗಿಯೇ ಇರುವುವು. ರಾಮನ ಬಾಣದಿಂದ ಹುಟ್ಟಿದ ಚಿಲುಮೆ, ನರಸಿಂಹನ ಹೆಸರಿನ ತೀರ್ಥ, ಪರಾಶರರ ಹೆಸರಿನ ತೀರ್ಥ, ಪಾದತೀರ್ಥ. ಬಯಲುಸೀಮೆಯ ಒಣನೆಲದ ನಡುವೆ ಬಂಡೆಯಿಂದ ನೀರು ಒಸರುವುದನ್ನು ಕಂಡ ಜನರು ಅದನ್ನು ಪವಿತ್ರವೆಂದು ಎಣಿಸಿ, ಪುರಾಣಪುರುಷರ ಕಾವಲಿನಲ್ಲಿಟ್ಟರು. ನೀರಿಗಾಗಿ ಕೋಟೆ ಬಂದಿತು, ನೀರಿಗಾಗಿಯೇ ದೇವಾಲಯವೂ ನಿಂತಿತು. ಆದರೆ ಕೋಟೆಯು ನೀರನ್ನು ಬಳಸಿತು, ದೇವಾಲಯವು ಅದಕ್ಕೆ ಹೆಸರನ್ನಿಟ್ಟು ಕಾಪಾಡಿತು.

ಬೆಟ್ಟದ ದೇವಾಲಯವು ಹಳೆಯ ಹೆಸರನ್ನು ಕಾದಿಡುವ ಬಗೆಯು ಭರತಖಂಡಕ್ಕೆ ಮಾತ್ರ ಮೀಸಲಾದುದಲ್ಲ. ಜಪಾನ್ ದೇಶದ ನಾರಾ ಪ್ರಾಂತದಲ್ಲಿ ಮಿವ ಎಂಬ ಬೆಟ್ಟವಿದೆ. ಅದರ ತಪ್ಪಲಿನಲ್ಲಿರುವ ಓಮಿವ ಎಂಬುದು ಆ ದೇಶದ ಶಿಂಟೊ ಮತದ ಅತಿಪ್ರಾಚೀನ ದೇವಾಲಯಗಳಲ್ಲೊಂದು. ಅಲ್ಲಿ ಗರ್ಭಗೃಹವೇ ಇಲ್ಲ, ಬೆಟ್ಟವೇ ದೇವರು. ಯಾತ್ರಿಕನು ಪೂಜಾಮಂಟಪದಲ್ಲಿ ನಿಂತು ಬೆಟ್ಟಕ್ಕೆ ಕೈಮುಗಿಯಬೇಕು. ಈಗಿರುವ ಮಂಟಪವು 1664ರಲ್ಲಿ, ಅಂದರೆ ಮೈಸೂರಿನಲ್ಲಿ ದೊಡ್ಡದೇವರಾಜರು ಆಳುತ್ತಿದ್ದಾಗ, ಪುನಃ ಕಟ್ಟಲ್ಪಟ್ಟುದು. ಬೆಟ್ಟವನ್ನು ಹತ್ತಬೇಕೆನ್ನುವವರು ದೇವಾಲಯದ ಅನುಮತಿಯನ್ನು ಪಡೆದು ನಿಯಮಗಳಿಗೆ ಒಳಪಟ್ಟು ಹತ್ತುವರು.

ಆ ಹೆಸರಿನ ಕಥೆಯು 712ರಲ್ಲಿ ಸಂಕಲಿತವಾದ ಕೊಜಿಕಿ ಎಂಬ ಗ್ರಂಥದಲ್ಲಿದೆ. ರಾತ್ರಿ ಮಾತ್ರ ಬರುತ್ತಿದ್ದ ಅಪರಿಚಿತ ಪ್ರಿಯನ ಉಡುಪಿನ ಅಂಚಿಗೆ ಕನ್ಯೆಯೊಬ್ಬಳು ನೂಲನ್ನು ಸೇರಿಸಿದಳು. ಬೆಳಗಾದಾಗ ನೂಲು ಬಾಗಿಲ ರಂಧ್ರದಿಂದ ಹೊರಟು ಬೆಟ್ಟದ ದೇವಾಲಯವನ್ನು ಮುಟ್ಟಿತ್ತು. ಉಂಡೆಯಲ್ಲಿ ಉಳಿದುದು ಮೂರು ಸುತ್ತು ಮಾತ್ರ. ಮೂರು ಸುತ್ತು ಎಂದರೆ ಆ ಭಾಷೆಯಲ್ಲಿ 'ಮಿ ವ'. ಇದು ನಿರುಕ್ತಿಯ ಕಥೆ. ಆನೆ ಬಿದ್ದ ಕಥೆಯ ಜಾತಿಗೆ ಸೇರಿದುದು. ಇದಕ್ಕಿಂತ ಕುತೂಹಲಕರವಾದುದು ಆ ಹೆಸರನ್ನು ಬರೆಯುವ ರೀತಿ. ಓಮಿವ ಎಂದು ಓದುವ ಕಡೆ ಚೀನೀ ಲಿಪಿಯಲ್ಲಿ ಬರೆದಿರುವ ಅಕ್ಷರಗಳಿಗೆ 'ಮಹಾದೇವತೆ' ಎಂದರ್ಥ. ಬರಹವು ಪಂಡಿತರದು, ಉಚ್ಚಾರಣೆಯು ನೆಲದ್ದು. ಅಲ್ಲಿ ಅರ್ಥವು ಬದಲಾಗಿ ಧ್ವನಿಯು ಉಳಿಯಿತು. ಕರಿಗಿರಿಯಲ್ಲಿ ಧ್ವನಿಯು ಬದಲಾಗಿ ಅರ್ಥವು ಉಳಿಯಿತು. ಎರಡೆಡೆಗಳಲ್ಲಿಯೂ ಉಳಿಸಿದುದು ದೇವಾಲಯ.

7

ಇದುವರೆಗಿನ ವಿಚಾರದಿಂದ ಮೂರು ಅಂಶಗಳು ಸಿದ್ಧಿಸುವುವು. ಮೊದಲನೆಯದು, ದೇವರಾಯನ ದುರ್ಗದ ಕ್ಷೇತ್ರನಾಮವಾದ ಕರಿಗಿರಿಯನ್ನು ಈಚಿನ ಪುರಾಣಕಾರರ ಕಲ್ಪನೆಯೆಂದು ಬಿಡಲಾಗದು. ಬೆಟ್ಟದ ಅತ್ಯಂತ ಹಳೆಯ ದೇಶ್ಯನಾಮದ ಅರ್ಥವು ಅದರಲ್ಲಿ ಜೀವಿಸಿದೆ. ಎರಡನೆಯದು, ದೇವಾಲಯದ ನಿರ್ಮಾಣವನ್ನು ಎರಡನೆಯ ಕಂಠೀರವ ನರಸರಾಜರ ಆಳ್ವಿಕೆಗೆ, ಅಂದರೆ 1704ಕ್ಕೂ 1714ಕ್ಕೂ ನಡುವೆ, ಇಡುವುದು ಯುಕ್ತಿಯುಕ್ತ. ಮೂರನೆಯದು, ಸ್ಥಳದ ತೀರ್ಥಕಥೆಗಳು ಎರಡು ನದಿಗಳ ಜಲಮೂಲವನ್ನು ಜನರು ಗುರುತಿಸಿಕೊಂಡ ಬಗೆಯನ್ನು ತಿಳಿಸುವುವು.

ಚರಿತ್ರೆಯನ್ನು ಬೋಧಿಸುವವರಲ್ಲಿ ಸ್ಥಳಪುರಾಣವನ್ನು ಅಕ್ಷರಶಃ ನಂಬುವವರು ಒಂದು ಕಡೆ, ಅದನ್ನು ಪೂರ್ತಿಯಾಗಿ ತಳ್ಳುವವರು ಇನ್ನೊಂದು ಕಡೆ ಇರುವರು. ಮೊದಲಿನವರಿಗೆ ಮೂಕರಸರು ಕಾಣುವುದಿಲ್ಲ, ಎರಡನೆಯವರಿಗೆ ಆನೆ ಕಾಣುವುದಿಲ್ಲ. ಹೊಲ, ಬಂಡೆ, ಕೊಳ, ಹಾದಿಗಳಿಗೆ ಹಳ್ಳಿಯವರು ಇಟ್ಟಿರುವ ಸಣ್ಣ ಹೆಸರುಗಳು ಗೆಜೆಟಿಯರುಗಳಲ್ಲಿ ಬಂದುವುದಕ್ಕಿಂತ ಬಾರದೆ ಉಳಿದುವೇ ಹೆಚ್ಚು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಬೆಟ್ಟಗಳಿಗೆ ಕರೆದೊಯ್ದಾಗ ಅಂತಹ ಹೆಸರುಗಳನ್ನು ಹಿರಿಯರ ಬಾಯಿಂದ ಕೇಳಿ, ಹೇಳಿದಂತೆಯೇ, ಸಂಸ್ಕೃತಕ್ಕೆ ತಿದ್ದದೆ ಬರೆದಿಡುವುದು ಅವಶ್ಯ. ರೈಸ್‌ರವರು ಆನೆಬಿದ್ದಸರಿ ಎಂಬ ಒಂದು ಹೆಸರನ್ನು ಕೇಳಿದಂತೆ ಬರೆದಿಡದಿದ್ದರೆ ಕರಿಗಿರಿಯ ಕರಿಯು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಕಾಂಚಿಯೊಂದೇ ಉತ್ತರವಾಗುತ್ತಿತ್ತು.